ಎರಡು ಪೀಠ, ಒಂದು ವಿದ್ಯೆ: ವಿಶ್ವವಿದ್ಯಾನಿಲಯಗಳಲ್ಲಿ ಸ್ಪ್ಯಾನಿಷ್ ಭಾಷೆಯೂ ಸೃಜನಲೇಖನವೂ

ಕಾವ್ಯರಚನೆಯನ್ನು ಕಲಿಸಲು ಸಾಧ್ಯವೆ ಎಂಬುದು ನಮಗೆ ಹೊಸ ಪ್ರಶ್ನೆಯಲ್ಲ. ನಮ್ಮ ಆಲಂಕಾರಿಕರು ಪ್ರತಿಭೆ, ವ್ಯುತ್ಪತ್ತಿ, ಅಭ್ಯಾಸಗಳೆಂಬ ಮೂರನ್ನು ಕಾವ್ಯಹೇತುಗಳೆಂದು ಎಣಿಸಿದರು. ಮೊದಲನೆಯದು ಹುಟ್ಟಿನಿಂದ ಬಂದದ್ದು, ಉಳಿದೆರಡು ಗಳಿಸತಕ್ಕವು. ಇಂದು ಪಶ್ಚಿಮದ ಹಲವು ವಿಶ್ವವಿದ್ಯಾನಿಲಯಗಳಲ್ಲಿ ಸೃಜನಲೇಖನವನ್ನೂ ಸ್ಪ್ಯಾನಿಷ್ ಭಾಷೆಯನ್ನೂ ಜೊತೆಜೊತೆಯಾಗಿ ಅಭ್ಯಸಿಸುವ ಅವಕಾಶವುಂಟು. ಮೇಲ್ನೋಟಕ್ಕೆ ಈ ಜೋಡಿ ಕಾಲೇಜಿನ ವೇಳಾಪಟ್ಟಿಯ ಅನುಕೂಲಕ್ಕಾಗಿ ಹೊಂದಿಸಿದ್ದೆಂದು ತೋರಬಹುದು. ಇತಿಹಾಸವನ್ನು ಪರಿಶೀಲಿಸಿದರೆ ಇದರ ಬೇರುಗಳು ಎರಡು ಶತಮಾನಗಳಷ್ಟು ಆಳಕ್ಕೆ ಇಳಿದಿರುವುದು ಕಾಣುತ್ತದೆ. ಆ ಬೇರುಗಳನ್ನು ಸ್ವಲ್ಪಮಟ್ಟಿಗೆ ಗುರುತಿಸುವುದೇ ಈ ಲೇಖನದ ಉದ್ದೇಶ.

ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ಫ್ರೆಂಚ್ ಮತ್ತು ಸ್ಪ್ಯಾನಿಷ್ ಭಾಷೆಗಳಿಗೆಂದು ಸ್ಥಾಪಿತವಾದ ಸ್ಮಿತ್ ಪೀಠವನ್ನು 1819ರಲ್ಲಿ ಅಲಂಕರಿಸಿದವನು ಜಾರ್ಜ್ ಟಿಕ್ನರ್. ಇವನು ವಿದ್ವಾಂಸ, 1849ರಲ್ಲಿ ಸ್ಪ್ಯಾನಿಷ್ ಸಾಹಿತ್ಯದ ಬೃಹತ್ ಚರಿತ್ರೆಯನ್ನು ಪ್ರಕಟಿಸಿದನು. ಇವನ ತರುವಾಯ 1836ರಲ್ಲಿ ಅದೇ ಪೀಠಕ್ಕೆ ಬಂದವನು ಕವಿ ಲಾಂಗ್‌ಫೆಲೊ. ಅಷ್ಟರಲ್ಲಿ ಅವನು ಸ್ಪೇನಿನಲ್ಲಿ ಸಂಚರಿಸಿದ್ದನು. ಹದಿನೈದನೆಯ ಶತಮಾನದ ಹೊರ್ಹೆ ಮಾನ್ರೀಕೆ ತನ್ನ ತಂದೆಯ ಮರಣವನ್ನು ಕುರಿತು ರಚಿಸಿದ ಪ್ರಸಿದ್ಧ ಶೋಕಗೀತವನ್ನು 1833ರಲ್ಲಿ ಇಂಗ್ಲಿಷಿಗೆ ತಂದಿದ್ದನು. ಒಂದೇ ಪೀಠದಲ್ಲಿ ಮೊದಲು ಚರಿತ್ರಕಾರ, ಬಳಿಕ ಕವಿ. ಪರಭಾಷೆಯನ್ನು ಶೋಧಿಸುವುದು ಒಂದು ವಿದ್ಯೆ, ಅದರಿಂದ ತನ್ನ ಭಾಷೆಯಲ್ಲಿ ಹೊಸತನ್ನು ಕಟ್ಟುವುದು ಇನ್ನೊಂದು ವಿದ್ಯೆ ಎಂಬ ಭೇದ ಆಗ ಕಟ್ಟುನಿಟ್ಟಾಗಿರಲಿಲ್ಲ.

ಭೇದ ಹುಟ್ಟಿದ್ದು ಶಾಸ್ತ್ರಗಳು ವಿಭಾಗಗಳಾಗಿ ಒಡೆದ ಮೇಲೆ. ಭಾಷಾವಿಭಾಗಗಳು ವ್ಯಾಕರಣ, ಗ್ರಂಥಸಂಪಾದನೆ, ಸಾಹಿತ್ಯಚರಿತ್ರೆಗಳತ್ತ ಸಾಗಿದವು. ರಚನೆ ಬೇರೆ ದಾರಿ ಹಿಡಿಯಿತು. ಐಯೊವ ವಿಶ್ವವಿದ್ಯಾನಿಲಯದಲ್ಲಿ 1897ರಲ್ಲಿ ಪದ್ಯರಚನೆಯ ಪಾಠ ಆರಂಭವಾಯಿತು. 1922ರಲ್ಲಿ ಅದೇ ವಿಶ್ವವಿದ್ಯಾನಿಲಯವು, ಸ್ನಾತಕೋತ್ತರ ಪದವಿಗೆ ಪ್ರೌಢಪ್ರಬಂಧದ ಸ್ಥಾನದಲ್ಲಿ ಸ್ವತಂತ್ರ ಸೃಜನಕೃತಿಯನ್ನೂ ಸ್ವೀಕರಿಸಬಹುದೆಂದು ಸಾರಿತು. ಸಂಶೋಧನೆಗೆ ಸಲ್ಲುವ ಮರ್ಯಾದೆ ಸೃಷ್ಟಿಗೂ ಸಲ್ಲಬೇಕೆಂಬ ಈ ನಿರ್ಣಯದ ಮೇಲೆಯೇ 1936ರಲ್ಲಿ ಅಲ್ಲಿನ ಲೇಖಕರ ಕಾರ್ಯಶಾಲೆ ರೂಪುಗೊಂಡಿತು. ಆದರೆ ಅದು ಇಂಗ್ಲಿಷಿನ ಶಾಲೆ. ಸ್ಪ್ಯಾನಿಷ್ ಪಕ್ಕದ ಕಟ್ಟಡದ ವಿಷಯವಾಗಿಯೇ ಉಳಿಯಿತು.

ದೂರವಾದ ಎರಡನ್ನು ಮತ್ತೆ ಹತ್ತಿರಕ್ಕೆ ತಂದದ್ದು ಒಂದು ದುರಂತ. 1936ರಲ್ಲಿ ಸ್ಪೇನಿನಲ್ಲಿ ಅಂತರ್ಯುದ್ಧ ಹೊತ್ತಿಕೊಂಡಿತು. ಗಾರ್ಸಿಯ ಲೋರ್ಕ ಹತನಾದನು. ಅವನ ಸಮಕಾಲೀನರು ದೇಶ ಬಿಟ್ಟರು. ಪೇದ್ರೊ ಸಾಲಿನಾಸ್ ಅದೇ ವರ್ಷ ಅಮೆರಿಕದ ವೆಲ್ಸ್‌ಲಿ ಕಾಲೇಜಿಗೆ ಬಂದನು. ಹೊರ್ಹೆ ಗಿಯೇನ್ 1940ರಿಂದ 1957ರವರೆಗೆ ಅಲ್ಲಿಯೇ ಪಾಠ ಹೇಳಿದನು. ಲೂಯಿಸ್ ಸೆರ್ನೂದ 1947ರಿಂದ 1952ರವರೆಗೆ ಮೌಂಟ್ ಹೋಲಿಯೋಕ್ ಕಾಲೇಜಿನಲ್ಲಿದ್ದನು. ಜೀವನೋಪಾಯಕ್ಕೆ ಇವರು ಭಾಷಾಬೋಧಕರು, ಅಂತರಂಗದಲ್ಲಿ ಕವಿಗಳು. ತರಗತಿಯಲ್ಲಿ ಕ್ರಿಯಾಪದಗಳ ರೂಪಗಳನ್ನು ತಿದ್ದುತ್ತಿದ್ದ ಅಧ್ಯಾಪಕನೇ ಮನೆಗೆ ಹೋಗಿ ಆ ಭಾಷೆಯ ಅತ್ಯುತ್ತಮ ಕವಿತೆಗಳನ್ನು ಬರೆಯುತ್ತಿದ್ದನೆಂದ ಮೇಲೆ, ಸ್ಪ್ಯಾನಿಷ್ ಬರಿಯ ಪಠ್ಯಭಾಷೆಯಾಗಿ ಉಳಿಯುವುದಾದರೂ ಹೇಗೆ?

ಇದೇ ಕಾಲದ ಅಮೆರಿಕನ್ ಕವಿಗಳಲ್ಲಿ ಇನ್ನೊಂದು ಪ್ರವಾಹವನ್ನು ಕಾಣುತ್ತೇವೆ. ಡಬ್ಲ್ಯು. ಎಸ್. ಮರ್ವಿನ್ ಪ್ರಿನ್ಸ್‌ಟನ್ನಿನಲ್ಲಿ 1948ರಲ್ಲಿ ಪದವಿ ಪಡೆದು, ಬಳಿಕ ಅಲ್ಲಿಯೇ ರೊಮಾನ್ಸ್ ಭಾಷೆಗಳನ್ನು ವ್ಯಾಸಂಗ ಮಾಡಿದನು. 1959ರಲ್ಲಿ ಸ್ಪೇನಿನ ಪ್ರಾಚೀನ ವೀರಕಾವ್ಯ ಸಿದ್‌ನ ಭಾಷಾಂತರವನ್ನೂ 1969ರಲ್ಲಿ ನೆರೂದನ ಇಪ್ಪತ್ತು ಪ್ರೇಮಗೀತಗಳ ಭಾಷಾಂತರವನ್ನೂ ಹೊರತಂದನು. ಐಯೊವದಲ್ಲಿ ಓದಿದ ರಾಬರ್ಟ್ ಬ್ಲೈ 1962ರಲ್ಲಿ ಇಬ್ಬರು ಮಿತ್ರರೊಡನೆ ಪೆರು ದೇಶದ ಸೇಸರ್ ವಯೇಹೊವಿನ ಇಪ್ಪತ್ತು ಕವಿತೆಗಳನ್ನು ಇಂಗ್ಲಿಷಿಗೆ ತಂದನು. ಆಂಗ್ಲಕಾವ್ಯದ ಅಂದಿನ ಸಂಯಮದ, ವ್ಯಂಗ್ಯದ ಮಾತಿಗೆ ಒಗ್ಗದ ಧಗೆಯೊಂದು ಇವರಿಗೆ ಸ್ಪ್ಯಾನಿಷಿನಲ್ಲಿ ದೊರೆಯಿತು. ಅದು ಅವರ ಸ್ವಂತ ಪದ್ಯಗಳಿಗೂ ಹರಿಯಿತು. ಆಲಂಕಾರಿಕರು ಹೇಳಿದ ಅಭ್ಯಾಸಕ್ಕೆ ಭಾಷಾಂತರಕ್ಕಿಂತ ಉತ್ತಮವಾದ ಗರಡಿ ಇಲ್ಲವೆಂಬುದಕ್ಕೆ ಇದು ನಿದರ್ಶನ. ಕನ್ನಡಿಗರಿಗೆ ಈ ಮಾತನ್ನು ವಿವರಿಸಿ ಹೇಳಬೇಕಾಗಿಲ್ಲ. ಮೈಸೂರಿನಲ್ಲಿ ಇಂಗ್ಲಿಷ್ ಅಧ್ಯಾಪಕರಾಗಿದ್ದ ಬಿ. ಎಂ. ಶ್ರೀಕಂಠಯ್ಯನವರ ‘ಇಂಗ್ಲಿಷ್ ಗೀತಗಳು’ ಹೊಸಗನ್ನಡ ಕವಿತೆಗೆ ಛಂದಸ್ಸಿನ ಹೊಸ ನಡೆಯನ್ನು ಕಲಿಸಿದ ಬಗೆ ಸರ್ವವಿದಿತ.

ಇಲ್ಲಿಯವರೆಗೆ ಹೇಳಿದ್ದು ಸ್ಪ್ಯಾನಿಷಿನಿಂದ ಇಂಗ್ಲಿಷಿಗೆ ಹರಿದ ಕಥೆ. ಪ್ರವಾಹ ತಿರುಗಿದ್ದು ಈಚೆಗೆ. ಚಿಲಿಯ ಕಾದಂಬರಿಕಾರ ಹೊಸೆ ದೊನೊಸೊ 1965ರಿಂದ 1967ರವರೆಗೆ ಐಯೊವದ ಕಾರ್ಯಶಾಲೆಯಲ್ಲಿ ಅಧ್ಯಾಪಕನಾಗಿದ್ದನು. ಆದರೆ ಸ್ಪ್ಯಾನಿಷಿನಲ್ಲಿಯೇ ಬರೆದು ಸೃಜನಲೇಖನದ ಸ್ನಾತಕೋತ್ತರ ಪದವಿ ಪಡೆಯುವ ವ್ಯವಸ್ಥೆ ನ್ಯೂಯಾರ್ಕ್ ವಿಶ್ವವಿದ್ಯಾನಿಲಯದಲ್ಲಿ ಆರಂಭವಾದದ್ದು 2007ರಲ್ಲಿ, ಅರ್ಜೆಂಟೀನದ ಲೇಖಕಿ ಸಿಲ್ವಿಯ ಮೊಯೊಯ್ ಅವರ ಪ್ರಯತ್ನದಿಂದ. ಮುಂದೆ ಐಯೊವವೂ ಇದೇ ದಾರಿಯಲ್ಲಿ ನಡೆಯಿತು. ಮೆಕ್ಸಿಕೊದ ಗಡಿಗೆ ಅಂಟಿಕೊಂಡಿರುವ ಎಲ್ ಪಾಸೊ ನಗರದ ವಿಶ್ವವಿದ್ಯಾನಿಲಯದಲ್ಲಿ ಎರಡೂ ಭಾಷೆಗಳ ಲೇಖಕರು ಒಂದೇ ತರಗತಿಯಲ್ಲಿ ಕುಳಿತು ಪರಸ್ಪರರ ಬರಹವನ್ನು ಓದುತ್ತಾರೆ.

ಇದರ ಮಹತ್ತ್ವವನ್ನು ತಿಳಿಯಬೇಕಾದರೆ ಟೆಕ್ಸಸ್ ಪ್ರಾಂತದ ಒಂದು ಹಳೆಯ ಶಾಸನವನ್ನು ನೆನೆಯಬೇಕು. ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷಿನ ಹೊರತು ಬೇರೆ ಭಾಷೆಯಲ್ಲಿ ಪಾಠ ಹೇಳುವುದನ್ನು ಅಲ್ಲಿ 1918ರಲ್ಲಿ ದಂಡಾರ್ಹ ಅಪರಾಧವನ್ನಾಗಿ ಮಾಡಲಾಗಿತ್ತು. ಸುಮಾರು ನೂರು ವರ್ಷಗಳ ತರುವಾಯ, 2017ರಲ್ಲಿ, ಅದೇ ಪ್ರಾಂತದ ಹ್ಯೂಸ್ಟನ್ ವಿಶ್ವವಿದ್ಯಾನಿಲಯವು ಸ್ಪ್ಯಾನಿಷಿನಲ್ಲಿ ಸೃಜನಲೇಖನಕ್ಕೆ ಡಾಕ್ಟರೇಟ್ ನೀಡುವ ವ್ಯಾಸಂಗವನ್ನು ತೆರೆಯಿತು. ಅದನ್ನು ಸ್ಥಾಪಿಸಿದ ಕ್ರಿಸ್ತೀನ ರಿವೇರ ಗಾರ್ಸ ಮೆಕ್ಸಿಕೊದಲ್ಲಿ ಹುಟ್ಟಿದವರು. ಕೊಲೆಯಾದ ತಮ್ಮ ತಂಗಿಯನ್ನು ಕುರಿತು ಇವರು ಸ್ಪ್ಯಾನಿಷಿನಲ್ಲಿ 2021ರಲ್ಲಿ ಪ್ರಕಟಿಸಿದ ಕೃತಿಯನ್ನು ತಾವೇ ಇಂಗ್ಲಿಷಿನಲ್ಲಿಯೂ ಬರೆದರು. ಅದಕ್ಕೆ 2024ರಲ್ಲಿ ಪುಲಿಟ್ಸರ್ ಪಾರಿತೋಷಿಕ ದೊರೆಯಿತು. ಆ ದೇಶದಲ್ಲಿ ಮನೆಯೊಳಗೆ ಸ್ಪ್ಯಾನಿಷ್ ಆಡುವವರು ನಾಲ್ಕು ಕೋಟಿಗೂ ಮಿಕ್ಕಿದ್ದಾರೆ. ಅಡುಗೆಮನೆಗೂ ಹೊಲಗದ್ದೆಯ ಕೂಲಿಗೂ ಸಾಕು ಎನಿಸಿಕೊಂಡಿದ್ದ ಮಾತು ಪದವಿಯ ಮಾತಾಯಿತು. ವಲಸೆ ಬಂದವರ ಮಕ್ಕಳು ತಾಯಿನುಡಿಯನ್ನು ಪರೀಕ್ಷೆಗೆ ಓದುವುದಷ್ಟೇ ಅಲ್ಲ, ಅದರಲ್ಲಿ ಬರೆಯಲೂಬಹುದೆಂದು ವಿದ್ಯಾಪೀಠವೇ ಒಪ್ಪಿಕೊಂಡಂತಾಯಿತು.

ಆಕ್ಷೇಪಗಳಿಲ್ಲವೆಂದಲ್ಲ. ಕಾರ್ಯಶಾಲೆಯ ಶಿಕ್ಷಣ ಎಲ್ಲರನ್ನೂ ಒಂದೇ ಅಚ್ಚಿಗೆ ಎರೆಯುತ್ತದೆಂಬ ದೂರು ಹಳೆಯದು. ಅದರಲ್ಲಿ ಸತ್ಯಾಂಶವೂ ಉಂಟು. ಆದರೆ ಎರಡನೆಯ ಭಾಷೆಯ ಸಾಹಚರ್ಯವೇ ಈ ದೋಷಕ್ಕೆ ಔಷಧವೆಂದು ನನ್ನ ಅಭಿಪ್ರಾಯ. ಒಂದೇ ಭಾಷೆಯಲ್ಲಿ ಬೆಳೆದವನಿಗೆ ಆ ಭಾಷೆಯ ರೂಢಿಯೇ ಲೋಕದ ರೂಢಿಯೆಂದು ಕಾಣುತ್ತದೆ. ಎರಡನ್ನು ಬಲ್ಲವನಿಗೆ ಪ್ರತಿಯೊಂದು ವಾಕ್ಯವೂ ಒಂದು ಆಯ್ಕೆ. ಇದಕ್ಕೆ ನಮ್ಮದೇ ಉದಾಹರಣೆಯುಂಟು. ಯು. ಆರ್. ಅನಂತಮೂರ್ತಿಯವರು ಬರ್ಮಿಂಗ್‌ಹ್ಯಾಮಿನಲ್ಲಿ ಇಂಗ್ಲಿಷ್ ಸಾಹಿತ್ಯದ ಸಂಶೋಧನ ವಿದ್ಯಾರ್ಥಿಯಾಗಿದ್ದಾಗ, ಅಲ್ಲಿ ಅಧ್ಯಾಪಕನಾಗಿದ್ದ ಮಾಲ್ಕಮ್ ಬ್ರ್ಯಾಡ್‌ಬರಿಯೊಡನೆ ಬರ್ಗ್‌ಮನ್ನನ ಸ್ವೀಡಿಷ್ ಚಲನಚಿತ್ರವೊಂದನ್ನು ನೋಡಿದರು. ಅದರಿಂದ ಹೊಳೆದ ಭಾವವೇ ‘ಸಂಸ್ಕಾರ’ಕ್ಕೆ ಪ್ರೇರಣೆಯೆಂದು ಅವರೇ ಹೇಳಿದ್ದಾರೆ. ಕಾದಂಬರಿ 1965ರಲ್ಲಿ ಪ್ರಕಟವಾಯಿತು. ಅದೇ ಬ್ರ್ಯಾಡ್‌ಬರಿ, ಆಂಗಸ್ ವಿಲ್ಸನ್ನನೊಡಗೂಡಿ 1970ರಲ್ಲಿ ಈಸ್ಟ್ ಆಂಗ್ಲಿಯ ವಿಶ್ವವಿದ್ಯಾನಿಲಯದಲ್ಲಿ ಸೃಜನಲೇಖನದ ಪ್ರಖ್ಯಾತ ತರಗತಿಯನ್ನು ಸ್ಥಾಪಿಸಿದನು. ಪರಭಾಷೆಯ ಪರಿಸರ, ವಿವೇಚನಾಶೀಲ ಗುರು, ಸ್ವಭಾಷೆಯ ಬರಹ: ಈ ಮೂರೂ ಕೂಡಿದಾಗ ಫಲ ಏನೆಂಬುದನ್ನು ಕನ್ನಡವು ಆ ತರಗತಿ ಹುಟ್ಟುವ ಮೊದಲೇ ಕಂಡಿತ್ತು.

ಹೊರನಾಡಿನಲ್ಲಿರುವ ನಮಗೆ ಈ ಚರಿತ್ರೆಯಿಂದ ಸಿಕ್ಕುವ ಪಾಠ ಸ್ಪಷ್ಟವಾಗಿದೆ. ಮುಂಬಯಿಯಲ್ಲಿಯೂ ಮದರಾಸಿನಲ್ಲಿಯೂ ವಿಶ್ವವಿದ್ಯಾನಿಲಯದ ಕನ್ನಡ ವಿಭಾಗಗಳಿವೆ. ನಮ್ಮ ಮಕ್ಕಳು ಮರಾಠಿ, ತಮಿಳು, ತೆಲುಗು, ಹಿಂದಿಗಳ ನಡುವೆ ಬೆಳೆಯುತ್ತಾರೆ. ಇದನ್ನು ಕೊರತೆಯೆಂದು ಮರುಗುವುದು ವಾಡಿಕೆ. ಸ್ಪ್ಯಾನಿಷಿನ ಕಥೆ ಇದನ್ನು ಬಂಡವಾಳವೆಂದು ತೋರಿಸುತ್ತದೆ. ಕನ್ನಡವನ್ನು ಅವರಿಗೆ ಉಳಿಸಿಕೊಳ್ಳಬೇಕಾದ ಪಿತ್ರಾರ್ಜಿತವೆಂದು ಮಾತ್ರ ಒಪ್ಪಿಸಿದರೆ ಅವರು ಅದನ್ನು ಪೆಟ್ಟಿಗೆಯಲ್ಲಿಟ್ಟು ಗೌರವಿಸಿಯಾರು. ಬರೆಯುವ ಭಾಷೆಯೆಂದು ಕೊಟ್ಟರೆ ಬಳಸಿಯಾರು. ಐಯೊವದ 1922ರ ನಿರ್ಣಯದಂತಹ ಒಂದು ನಿರ್ಣಯಕ್ಕೆ ಹೊಸ ಕಟ್ಟಡವಾಗಲಿ ದೊಡ್ಡ ನಿಧಿಯಾಗಲಿ ಬೇಕಿಲ್ಲ. ವಿದ್ಯಾರ್ಥಿಯ ಸ್ವತಂತ್ರ ಕಥಾಸಂಗ್ರಹವನ್ನೋ ನೆರೆಭಾಷೆಯಿಂದ ಮಾಡಿದ ಭಾಷಾಂತರವನ್ನೋ ಪ್ರೌಢಪ್ರಬಂಧಕ್ಕೆ ಸಮನಾಗಿ ಕಾಣುವ ಮನಸ್ಸಿದ್ದರೆ ಸಾಕು.