ಲಸಿಕೆ ಹಾಕಿಸಿಕೊಂಡವರಿಗೂ ಕೊರೊನಾ ಬಂದರೆ ಲಸಿಕೆ ವ್ಯರ್ಥವೇ?

ಸಂದೇಶ ಏನು ಹೇಳುತ್ತದೆ?

"ಎರಡು ಡೋಸ್ ಹಾಕಿಸಿಕೊಂಡವರಿಗೇ ಕೊರೊನಾ. ಆಸ್ಪತ್ರೆಯಲ್ಲೂ ಅವರೇ ಹೆಚ್ಚು. ಹಾಗಾದರೆ ಲಸಿಕೆ ಯಾಕೆ?" ಇಂಥ ಫಾರ್ವರ್ಡ್ ನಿಮಗೂ ಬಂದಿರಬಹುದು. ಇದರಲ್ಲಿ ಅರ್ಧ ನಿಜ. ತಪ್ಪಿರುವುದು ಅದರಿಂದ ತೆಗೆದ ತೀರ್ಮಾನದಲ್ಲಿ.

ಧಾರವಾಡದಲ್ಲಿ ಏನಾಯಿತು?

2021ರ ನವೆಂಬರ್‌ನಲ್ಲಿ ಧಾರವಾಡದ ಎಸ್‌ಡಿಎಂ ವೈದ್ಯಕೀಯ ಕಾಲೇಜಿನಲ್ಲಿ ಒಂದು ಕಾರ್ಯಕ್ರಮದ ನಂತರ ಮೊದಲು 66 ಜನರಿಗೆ ಸೋಂಕು ಕಂಡುಬಂತು. ಕೆಲವೇ ದಿನಗಳಲ್ಲಿ ಸಂಖ್ಯೆ 300 ದಾಟಿತು. ಸೋಂಕಿತರಲ್ಲಿ ಹೆಚ್ಚಿನವರು ಎರಡೂ ಡೋಸ್ ಪಡೆದವರು. ಆದರೆ ಬಹುತೇಕರಿಗೆ ರೋಗಲಕ್ಷಣವೇ ಇರಲಿಲ್ಲ, ಇಲ್ಲವೇ ಸೌಮ್ಯವಾಗಿತ್ತು. ಫಾರ್ವರ್ಡ್‌ಗಳು ಬಿಟ್ಟುಬಿಡುವುದು ಈ ಕೊನೆಯ ಮಾತನ್ನೇ.

ಅದೇ ವರ್ಷ ಐಸಿಎಂಆರ್, ಲಸಿಕೆ ಪಡೆದ ಮೇಲೂ ಸೋಂಕು ತಗುಲಿದ 677 ಜನರನ್ನು ಪರಿಶೀಲಿಸಿತು. ಹೆಚ್ಚಿನವರಲ್ಲಿ ಇದ್ದದ್ದು ಡೆಲ್ಟಾ ತಳಿ. ಆದರೂ ಆಸ್ಪತ್ರೆ ಸೇರಿದವರು ಶೇ 9.8, ಮೃತಪಟ್ಟವರು ಶೇ 0.4.

ಸೋಂಕು ಬರುವುದೇಕೆ?

ಲಸಿಕೆಯಿಂದ ಹುಟ್ಟುವ ಪ್ರತಿಕಾಯಗಳು ಹೆಚ್ಚಾಗಿ ರಕ್ತದಲ್ಲಿರುತ್ತವೆ. ವೈರಸ್ ಒಳಬರುವುದು ಮೂಗು, ಗಂಟಲಿನಿಂದ. ಅಲ್ಲಿ ಕಾವಲು ಕಡಿಮೆ. ತಿಂಗಳು ಕಳೆದಂತೆ ಪ್ರತಿಕಾಯಗಳೂ ಇಳಿಯುತ್ತವೆ, ವೈರಸ್ಸೂ ರೂಪ ಬದಲಿಸುತ್ತದೆ. ಆದರೆ ದೇಹದ ನೆನಪಿನ ಕೋಶಗಳು ವೈರಸ್ಸನ್ನು ಗುರುತು ಹಿಡಿದು ಬೇಗ ಎಚ್ಚೆತ್ತುಕೊಳ್ಳುತ್ತವೆ. ಹೀಗಾಗಿ ರೋಗ ಶ್ವಾಸಕೋಶಕ್ಕೆ ಇಳಿದು ಉಲ್ಬಣಿಸುವ ಸಾಧ್ಯತೆ ಕಡಿಮೆಯಾಗುತ್ತದೆ. ಕೋವಿಶೀಲ್ಡ್, ಕೋವ್ಯಾಕ್ಸಿನ್ ಎರಡರಲ್ಲೂ ಜೀವಂತ ಕೊರೊನಾ ವೈರಸ್ ಇಲ್ಲ. ಆದ್ದರಿಂದ ಲಸಿಕೆಯಿಂದಲೇ ಕೊರೊನಾ ಬರುವುದಿಲ್ಲ.

"ಆಸ್ಪತ್ರೆಯಲ್ಲಿ ಅವರೇ ಹೆಚ್ಚು" ಎಂಬ ಲೆಕ್ಕ

ಮೂಡಲಗಿ ತಾಲ್ಲೂಕಿನ ಕಲ್ಲೋಳಿಯ 1,000 ಜನರನ್ನು ಉದಾಹರಣೆಗೆ ಊಹಿಸಿಕೊಳ್ಳೋಣ. 900 ಜನ ಲಸಿಕೆ ಪಡೆದಿದ್ದಾರೆ, 100 ಜನ ಪಡೆದಿಲ್ಲ. ಪಡೆದವರಲ್ಲಿ 18 ಜನ, ಪಡೆಯದವರಲ್ಲಿ 10 ಜನ ಆಸ್ಪತ್ರೆ ಸೇರಿದರು ಎನ್ನೋಣ. ವಾರ್ಡಿನಲ್ಲಿ ನಿಂತು ಎಣಿಸಿದರೆ ಲಸಿಕೆ ಪಡೆದವರೇ ಹೆಚ್ಚು. ಆದರೆ ಪಡೆದವರಲ್ಲಿ ನೂರಕ್ಕೆ 2, ಪಡೆಯದವರಲ್ಲಿ ನೂರಕ್ಕೆ 10. ಅಪಾಯ ಐದು ಪಟ್ಟು! ಹೆಲ್ಮೆಟ್ ಹಾಕಿದವರೂ ಬೈಕಿನಿಂದ ಬೀಳುತ್ತಾರೆ. ಹಾಗೆಂದು ಹೆಲ್ಮೆಟ್ ಬೇಡ ಎನ್ನುತ್ತೇವೆಯೇ?

ಯಾರು ಹೆಚ್ಚು ಎಚ್ಚರವಾಗಿರಬೇಕು?

ವಯಸ್ಸಾದವರು, ಮಧುಮೇಹ ಇರುವವರು, ಮೂತ್ರಪಿಂಡ ಕಸಿ ಅಥವಾ ಕ್ಯಾನ್ಸರ್ ಚಿಕಿತ್ಸೆ ಪಡೆದವರಿಗೆ ಲಸಿಕೆ ಪಡೆದ ಮೇಲೂ ಅಪಾಯ ಉಳಿಯುತ್ತದೆ. ಲಸಿಕೆ ಪಡೆದವರಿಂದಲೂ ಸೋಂಕು ಹರಡಬಲ್ಲದು. ಜ್ವರ, ಕೆಮ್ಮು ಇದ್ದರೆ ಮಾಸ್ಕ್ ಹಾಕಿ, ಹಿರಿಯರಿಂದ ದೂರವಿರಿ. ಉಸಿರಾಟ ಕಷ್ಟವಾದರೆ ತಡಮಾಡದೆ ಆಸ್ಪತ್ರೆಗೆ ಹೋಗಿ.

ನಮ್ಮ ತೀರ್ಮಾನ

ಲಸಿಕೆ ಪಡೆದವರಿಗೂ ಸೋಂಕು ಬರುತ್ತದೆ ಎಂಬುದು ನಿಜ. ಆದ್ದರಿಂದ ಲಸಿಕೆ ವ್ಯರ್ಥ ಎಂಬುದು ಸುಳ್ಳು. ಆ ಸಂದೇಶವನ್ನು ಮುಂದೆ ಕಳಿಸುವ ಮುನ್ನ ಒಂದು ಕ್ಷಣ ಯೋಚಿಸಿ: ಅದನ್ನು ನಂಬಿ ಲಸಿಕೆ ಬೇಡ ಎನ್ನುವವರು ನಿಮ್ಮ ಮನೆಯ ಅಜ್ಜಿಯೇ ಆಗಿರಬಹುದು.