ಸಲ್ಮಾನ್ ರಶ್ದಿ: ಕಂಪ್ಲಿಯ ಬೆಂಕಿಯಿಂದ ಹಂಪಿಯ ಕಥೆ ಕಟ್ಟಿದ ಕಾದಂಬರಿಕಾರ

ಇಂಗ್ಲಿಷ್ ಕಾದಂಬರಿಕಾರ ಹಾಗೂ ಮಕ್ಕಳ ಲೇಖಕ ಸರ್ ಸಲ್ಮಾನ್ ರಶ್ದಿ ಅವರ ಹೆಸರು ಕೇಳಿದೊಡನೆ ಬಹುತೇಕ ಓದುಗರಿಗೆ ನೆನಪಾಗುವುದು ಮುಂಬಯಿ, ಲಂಡನ್, ಇಲ್ಲವೇ 1989ರ ಫತ್ವಾ. ಹೊಸಪೇಟೆ, ಕಂಪ್ಲಿಗಳ ಹೆಸರು ಆ ಸಾಲಿನಲ್ಲಿ ಬರುವುದಿಲ್ಲ. ಆದರೆ 2023ರ ಫೆಬ್ರುವರಿಯಲ್ಲಿ ಪ್ರಕಟವಾದ ಅವರ ‘ವಿಕ್ಟರಿ ಸಿಟಿ’ ಕಾದಂಬರಿಯ ನೆಲ ತುಂಗಭದ್ರೆಯ ದಂಡೆಯೇ. ಕಂಪಿಲಿ ರಾಜ್ಯದ ಪತನದಿಂದ ಆರಂಭವಾಗುವ ಈ ಕೃತಿ 1565ರ ಯುದ್ಧದೊಂದಿಗೆ ವಿಜಯನಗರ ಹಾಳಾಗುವವರೆಗೆ ಸಾಗುತ್ತದೆ. ಈ ಸೀಮೆಯವರು ತಲೆಮಾರುಗಳಿಂದ ಹೇಳಿಕೊಂಡು ಬಂದ ಕಥೆಯನ್ನು ಅದು ಬೇರೆಯೇ ಬಾಯಿಂದ ಹೇಳಿಸುತ್ತದೆ.

ರಶ್ದಿ ಹುಟ್ಟಿದ್ದು 1947ರ ಜೂನ್ 19ರಂದು, ಅಂದಿನ ಬೊಂಬಾಯಿಯಲ್ಲಿ. ದೇಶಕ್ಕೆ ಸ್ವಾತಂತ್ರ್ಯ ಬರಲು ಆಗ ಎರಡು ತಿಂಗಳೂ ಉಳಿದಿರಲಿಲ್ಲ. ಮಧ್ಯಯುಗದ ದಾರ್ಶನಿಕ ಇಬ್ನ್ ರಶ್ದ್ ಮೇಲಿನ ಅಭಿಮಾನದಿಂದ ತಂದೆ ಅನೀಸ್ ಅಹ್ಮದ್ ಈ ಕುಲನಾಮವನ್ನು ಆರಿಸಿಕೊಂಡಿದ್ದರು. ಬೊಂಬಾಯಿಯ ಕೆಥೆಡ್ರಲ್ ಶಾಲೆ, ಬಳಿಕ ಇಂಗ್ಲೆಂಡಿನ ರಗ್ಬಿ ಶಾಲೆ, ಕೇಂಬ್ರಿಜ್‌ನ ಕಿಂಗ್ಸ್ ಕಾಲೇಜಿನಲ್ಲಿ ಇತಿಹಾಸದ ಅಧ್ಯಯನ. ಜಾಹೀರಾತು ಸಂಸ್ಥೆಗಳಲ್ಲಿ ಬರಹಗಾರರಾಗಿ ದುಡಿಯುತ್ತಲೇ ಬರೆದ ಮೊದಲ ಕಾದಂಬರಿ ‘ಗ್ರೈಮಸ್’ (1975) ಯಾರ ಗಮನವನ್ನೂ ಅಷ್ಟಾಗಿ ಸೆಳೆಯಲಿಲ್ಲ. ಎರಡನೆಯದಾದ ‘ಮಿಡ್‌ನೈಟ್ಸ್ ಚಿಲ್ಡ್ರನ್’ (1981) ಬೂಕರ್ ಪ್ರಶಸ್ತಿ ಪಡೆಯಿತು. 1993 ಮತ್ತು 2008ರಲ್ಲಿ ಬೂಕರ್ ವಿಜೇತ ಕೃತಿಗಳಲ್ಲೇ ಶ್ರೇಷ್ಠವೆಂಬ ಮನ್ನಣೆಯೂ ಅದಕ್ಕೇ ಸಂದಿತು. ‘ಶೇಮ್’ (1983), ‘ದಿ ಮೂರ್ಸ್ ಲಾಸ್ಟ್ ಸೈ’ (1995), ‘ಶಾಲಿಮಾರ್ ದಿ ಕ್ಲೌನ್’ (2005), ‘ದಿ ಎನ್‌ಚಾಂಟ್ರೆಸ್ ಆಫ್ ಫ್ಲಾರೆನ್ಸ್’ (2008) ಅವರ ಇತರ ಮುಖ್ಯ ಕಾದಂಬರಿಗಳು. 2007ರಲ್ಲಿ ಬ್ರಿಟನ್ ಅವರಿಗೆ ನೈಟ್ ಪದವಿ ನೀಡಿತು.

1988ರಲ್ಲಿ ಬಂದ ‘ದಿ ಸಟಾನಿಕ್ ವರ್ಸಸ್’ ಕಾದಂಬರಿಯ ಆಮದನ್ನು ಭಾರತ ಅದೇ ವರ್ಷದ ಅಕ್ಟೋಬರ್‌ನಲ್ಲಿ ನಿಷೇಧಿಸಿತು. 1989ರ ಫೆಬ್ರುವರಿ 14ರಂದು ಇರಾನಿನ ಅಯತೊಲ್ಲಾ ಖೊಮೇನಿ ಲೇಖಕನ ಹತ್ಯೆಗೆ ಕರೆ ನೀಡಿದರು. ರಶ್ದಿ ಹಲವು ವರ್ಷ ಪೊಲೀಸ್ ಕಾವಲಿನಲ್ಲಿ ತಲೆಮರೆಸಿಕೊಂಡು ಬದುಕಬೇಕಾಯಿತು. ಜಪಾನಿ ಅನುವಾದಕ ಹಿತೋಶಿ ಇಗರಾಶಿ 1991ರಲ್ಲಿ ಕೊಲೆಯಾದರು. ಆಮದು ನಿಷೇಧದ ಮೂಲ ಅಧಿಸೂಚನೆಯನ್ನು ಅಧಿಕಾರಿಗಳು ಹಾಜರುಪಡಿಸಲಾಗದ ಕಾರಣ, ಅಂಥದ್ದೊಂದು ಇಲ್ಲವೆಂದೇ ಭಾವಿಸಬೇಕಾಗುತ್ತದೆ ಎಂದು ದೆಹಲಿ ಹೈಕೋರ್ಟ್ 2024ರ ನವೆಂಬರ್‌ನಲ್ಲಿ ಹೇಳಿತು. ಮೂರೂವರೆ ದಶಕ ಜಾರಿಯಲ್ಲಿದ್ದ ನಿಷೇಧದ ಕಾಗದವೇ ಸಿಗದೇ ಹೋದದ್ದು ರಶ್ದಿ ಅವರ ಕಾದಂಬರಿಗೇ ಒಪ್ಪುವ ಪ್ರಸಂಗ.

ಮಕ್ಕಳ ಲೇಖಕರಾದದ್ದು ಆ ಅಜ್ಞಾತವಾಸದಲ್ಲಿ. ಮಗ ಜಾಫರ್‌ಗಾಗಿ ಬರೆದ ‘ಹಾರೂನ್ ಅಂಡ್ ದಿ ಸೀ ಆಫ್ ಸ್ಟೋರೀಸ್’ 1990ರಲ್ಲಿ ಪ್ರಕಟವಾಯಿತು. ಕಥೆ ಹೇಳುವ ಶಕ್ತಿಯನ್ನೇ ಕಳೆದುಕೊಂಡ ತಂದೆಗೆ ಅದನ್ನು ಮರಳಿ ತಂದುಕೊಡಲು ಹೊರಟ ಹುಡುಗನ ಸಾಹಸವಿದು. ಕಥೆಗಳ ಸಮುದ್ರಕ್ಕೆ ವಿಷ ಬೆರೆಸುವ ಖಳನ ಹೆಸರು ಖತಮ್‌ಶುದ್, ಅಂದರೆ ‘ಮುಗಿಯಿತು’. ಎರಡನೆಯ ಮಗ ಮಿಲಾನ್‌ಗಾಗಿ 2010ರಲ್ಲಿ ‘ಲೂಕಾ ಅಂಡ್ ದಿ ಫೈರ್ ಆಫ್ ಲೈಫ್’ ಬಂತು. ಇವೆರಡರಲ್ಲೂ ಮಾತು ನಿಂತರೆ ಲೋಕವೇ ನಿಲ್ಲುತ್ತದೆ. ಹಂಪಿಯ ಕಾದಂಬರಿಯ ಬೇರನ್ನು ಇಲ್ಲಿ ಹುಡುಕುವುದು ತಪ್ಪಾಗದು.

ಬೀಜದಿಂದ ಬೆಳೆದ ನಗರ

‘ವಿಕ್ಟರಿ ಸಿಟಿ’ಯ ನಾಯಕಿ ಪಂಪಾ ಕಂಪನಾ. ಒಂಬತ್ತು ವರ್ಷದವಳಾಗಿದ್ದಾಗ ಕಂಪಿಲಿಯ ಸೋಲಿನ ನಂತರ ಊರಿನ ಹೆಂಗಸರೆಲ್ಲ ಬೆಂಕಿಗೆ ಬೀಳುವುದನ್ನು, ಅವರೊಂದಿಗೆ ತನ್ನ ತಾಯಿಯೂ ನಡೆದುಹೋಗುವುದನ್ನು ಕಾಣುತ್ತಾಳೆ. ಅದೇ ಹೊತ್ತಿಗೆ ದೇವಿ ಅವಳ ಬಾಯಿಂದ ಮಾತನಾಡುತ್ತಾಳೆ. ಮುಂದೆ ಹುಕ್ಕ, ಬುಕ್ಕ ಸೋದರರಿಗೆ ಅವಳು ಬೀಜ ಬಿತ್ತಲು ಹೇಳುತ್ತಾಳೆ. ಬೀಜದಿಂದ ನಗರ ಮೊಳೆಯುತ್ತದೆ. ಆದರೆ ಅಲ್ಲಿನ ಜನರಿಗೆ ನೆನಪುಗಳೇ ಇಲ್ಲ. ಒಬ್ಬೊಬ್ಬರ ಕಿವಿಯಲ್ಲೂ ಅವರವರ ಹಿಂದಿನ ಕಥೆಯನ್ನು ಪಿಸುಗುಟ್ಟಿ ಅವರನ್ನು ಮನುಷ್ಯರನ್ನಾಗಿ ಮಾಡುವವಳು ಪಂಪಾ. ಅವಳ ಆಯುಷ್ಯ 247 ವರ್ಷ. ಕೊನೆಯ ದಿನ ತನ್ನ ಬೃಹತ್ ಸಂಸ್ಕೃತ ಕಾವ್ಯ ‘ಜಯಪರಾಜಯ’ವನ್ನು ಮಣ್ಣಿನ ಮಡಕೆಯಲ್ಲಿಟ್ಟು ಹೂಳುತ್ತಾಳೆ. 1565ರಿಂದ 247 ಕಳೆದರೆ 1318. ಅದಕ್ಕೆ ಒಂಬತ್ತು ಕೂಡಿಸಿದರೆ 1327. ದೆಹಲಿಯ ಮಹಮ್ಮದ್ ಬಿನ್ ತುಘಲಕನ ಸೇನೆ ಕಂಪಿಲಿಯನ್ನು ನಾಶ ಮಾಡಿತೆಂದು ಇತಿಹಾಸಕಾರರು ಹೇಳುವ ಕಾಲವೂ ಅದೇ. ಮಾಯೆಯ ಕಥೆಯಾದರೂ ಲೆಕ್ಕ ತಪ್ಪಿಲ್ಲ.

ಹೆಸರುಗಳೂ ಹಾಗೆಯೇ. ಹಂಪಿ ಎಂಬುದು ಪಂಪಾ ಎಂಬ ನದಿಯ, ದೇವಿಯ ಹೆಸರಿನಿಂದ ಬಂದದ್ದು ಇಲ್ಲಿನವರಿಗೆ ಹೊಸದಲ್ಲ. ಕಂಪನನೆಂಬುದು ಬುಕ್ಕರಾಯನ ಮಗನ ಹೆಸರು. ಅವನ ಮಧುರೆಯ ದಂಡಯಾತ್ರೆಯನ್ನು ಸಂಸ್ಕೃತದಲ್ಲಿ ‘ಮಧುರಾವಿಜಯಂ’ ಎಂದು ಬರೆದವಳು ಅವನ ರಾಣಿ ಗಂಗಾದೇವಿ. ವಿಜಯನಗರದ ಕಥೆಯನ್ನು ಹೆಣ್ಣೊಬ್ಬಳು ಕಾವ್ಯವಾಗಿಸಿದ್ದು ಕೇವಲ ಕಲ್ಪನೆಯಲ್ಲ ಎಂಬುದಕ್ಕೆ ಇಷ್ಟು ಸಾಕು.

ಕಾದಂಬರಿಯಲ್ಲಿ ನಗರದ ಹೆಸರು ‘ಬಿಸ್ನಗ’. ವಿಜಯನಗರವೆಂದು ಉಚ್ಚರಿಸಲಾರದ ಪೋರ್ಚುಗೀಸ್ ಕುದುರೆ ವ್ಯಾಪಾರಿ ಡೊಮಿಂಗೊ ನ್ಯೂನಿಸ್‌ನ ನಾಲಿಗೆಯಿಂದ ಹುಟ್ಟಿದ ಹೆಸರಿದು. ಡೊಮಿಂಗೊ ಪಾಯೆಸ್ ಮತ್ತು ಫೆರ್ನಾವ್ ನ್ಯೂನಿಸ್ ಎಂಬ ಇಬ್ಬರು ನಿಜ ಪ್ರವಾಸಿಗಳನ್ನು ರಶ್ದಿ ಇಲ್ಲಿ ಒಬ್ಬನನ್ನಾಗಿಸಿದ್ದಾರೆ. ಆ ಇಬ್ಬರ ವರದಿಗಳನ್ನು ಇಂಗ್ಲಿಷಿಗೆ ತಂದವರು ಮದರಾಸು ಸಿವಿಲ್ ಸರ್ವೀಸಿನ ರಾಬರ್ಟ್ ಸೀವೆಲ್. 1900ರಲ್ಲಿ ಪ್ರಕಟವಾದ ಅವರ ‘ಎ ಫರ್ಗಾಟನ್ ಎಂಪೈರ್’ ಇಂದಿಗೂ ಹಂಪಿಯ ಓದುಗರ ಕೈಪಿಡಿ. ಹೊಸಪೇಟೆಯಿಂದ ಸಂಡೂರಿನತ್ತ ಹೋಗುವ ಬೆಟ್ಟಗಳ ನಡುವೆ ಕೃಷ್ಣದೇವರಾಯ ಕಟ್ಟಿಸಿದ ದೊಡ್ಡ ಕೆರೆಯ ಕಾಮಗಾರಿಯನ್ನು ಪಾಯೆಸ್ ಕಣ್ಣಾರೆ ಕಂಡಿದ್ದ. ಇರುವೆಗಳಂತೆ ದುಡಿಯುತ್ತಿದ್ದವರು ಹದಿನೈದು, ಇಪ್ಪತ್ತು ಸಾವಿರ ಮಂದಿ ಎಂದು ಅಂದಾಜಿಸಿದ್ದಾನೆ. ಹೊಸಪೇಟೆಯೂ ರಾಯ ಕಟ್ಟಿಸಿದ ನಾಗಲಾಪುರವೇ. ಅರಮನೆಯಲ್ಲಿ ಕುಸ್ತಿ ಆಡುವ, ಲೆಕ್ಕ ಬರೆಯುವ, ಜ್ಯೋತಿಷ್ಯ ಹೇಳುವ ಹೆಂಗಸರಿದ್ದರೆಂದು ನ್ಯೂನಿಸ್ ಬರೆದಿದ್ದಾನೆ. ಹೆಣ್ಣಿಗೂ ಗಂಡಿಗೂ ಸಮಪಾಲು ಬಯಸುವ ಪಂಪಾಳ ರಾಜ್ಯವನ್ನು ರಶ್ದಿ ಕಟ್ಟಿರುವುದು ಇಂಥ ಸಾಲುಗಳ ಮೇಲೆ.

ಎಚ್ಚರಿಕೆಯ ಮಾತೊಂದುಂಟು. ವಿದ್ಯಾರಣ್ಯರನ್ನು ನೆನಪಿಸುವ ವಿದ್ಯಾಸಾಗರನೆಂಬ ಸನ್ಯಾಸಿಯ ಪಾತ್ರ ಅತ್ಯಂತ ಕಟುವಾಗಿದೆ. ಇದನ್ನು ಚರಿತ್ರೆಯೆಂದು ಓದುವವರು ನೊಂದುಕೊಳ್ಳುವರು. ಆದರೆ ಇದು ಕಾದಂಬರಿ. ಇಂಗ್ಲಿಷ್ ಬರಹಗಾರರು ಹಂಪಿಯನ್ನು ಬಳಸಿಕೊಂಡದ್ದೂ ಇದೇ ಮೊದಲಲ್ಲ: 1977ರ ‘ಇಂಡಿಯಾ: ಎ ವೂಂಡೆಡ್ ಸಿವಿಲೈಜೇಷನ್’ ಕೃತಿಯಲ್ಲಿ ವಿ.ಎಸ್. ನೈಪಾಲ್ ಇದೇ ಹಾಳುಗಳನ್ನು ದೇಶದ ಗಾಯವಾಗಿ ಕಂಡರು. ಅದೇ ಹಾಳುಗಳಲ್ಲಿ ರಶ್ದಿ ಕಂಡದ್ದು ಹಲವು ನಂಬಿಕೆಗಳು ಕೂಡಿ ಬಾಳಬಹುದಾಗಿದ್ದ ಊರನ್ನು. ಇಬ್ಬರಲ್ಲಿ ಹಂಪಿಗೆ ಹತ್ತಿರ ಬಂದವರು ರಶ್ದಿ ಎನ್ನಬೇಕು.

ಕೊರತೆಯೂ ಇದೆ. ಕಂಪ್ಲಿಯೆಂದರೆ ಕನ್ನಡಿಗರಿಗೆ ಮೊದಲು ನೆನಪಾಗುವವನು ಕಂಪಿಲರಾಯನ ಮಗ ಗಂಡುಗಲಿ ಕುಮಾರರಾಮ. ಮಲತಾಯಿ ರತ್ನಾಜಿಯ ಮೋಹಕ್ಕೆ ಮಣಿಯದ, ದೆಹಲಿಯ ಸೇನೆಗೆ ಎದೆಯೊಡ್ಡಿದ ಈ ವೀರನ ಕಥೆಯನ್ನು 16ನೇ ಶತಮಾನದಲ್ಲಿ ನಂಜುಂಡ ಕವಿ ಸಾಂಗತ್ಯದಲ್ಲಿ ಹಾಡಿದ. ಜನಪದರು ಬಾಯಿಂದ ಬಾಯಿಗೆ ದಾಟಿಸಿದರು. 2006ರಲ್ಲಿ ಶಿವರಾಜ್‌ಕುಮಾರ್ ಅಭಿನಯದ ಚಿತ್ರವೂ ಬಂತು. ‘ವಿಕ್ಟರಿ ಸಿಟಿ’ಯ ನಡುಮನೆಯಲ್ಲಿ ಅವನಿಗೆ ಜಾಗವಿಲ್ಲ. ಅಳಿದ ರಾಜ್ಯದ ಕಥೆ ಮಡಕೆಯಲ್ಲಿ ಹೂತ ಸಂಸ್ಕೃತ ಕಾವ್ಯದಲ್ಲಿ ಉಳಿಯಿತೆಂದು ಕಾದಂಬರಿ ಹೇಳಿದರೆ, ಕಂಪ್ಲಿಯ ನಿಜವಾದ ಕಥೆ ಉಳಿದದ್ದು ಹಾಡುವವರ ಕನ್ನಡದಲ್ಲಿ. ಅಂದಹಾಗೆ, 2021ರಲ್ಲಿ ವಿಜಯನಗರ ಜಿಲ್ಲೆ ರಚನೆಯಾದಾಗ ಹಂಪಿ, ಹೊಸಪೇಟೆ ಅದಕ್ಕೆ ಸೇರಿ, ಕಂಪ್ಲಿ, ಸಂಡೂರು ಬಳ್ಳಾರಿಯಲ್ಲೇ ಉಳಿದವು. ಕಾದಂಬರಿಯ ಮೊದಲ ಪುಟಗಳು ಒಂದು ಜಿಲ್ಲೆಯಲ್ಲಿ, ಉಳಿದವು ಮತ್ತೊಂದರಲ್ಲಿ!

ಕಣ್ಣಿನ ಪ್ರಸಂಗ

ಮಗನ ಸಾವಿನ ವಿಷಯದಲ್ಲಿ ಸಂಶಯಪಟ್ಟ ಕೃಷ್ಣದೇವರಾಯ ಮಂತ್ರಿ ತಿಮ್ಮರಸನ ಕಣ್ಣು ಕೀಳಿಸಿದನೆಂದು ನ್ಯೂನಿಸ್ ಬರೆದಿದ್ದಾನೆ. ಕಾದಂಬರಿಯಲ್ಲಿ ತಿಮ್ಮರಸನೊಂದಿಗೆ ಪಂಪಾಳೂ ರಾಯನ ಆಜ್ಞೆಯಿಂದ ದೃಷ್ಟಿ ಕಳೆದುಕೊಳ್ಳುತ್ತಾಳೆ. ಕುರುಡಿಯಾಗಿಯೇ ಕಾವ್ಯ ಮುಗಿಸುತ್ತಾಳೆ. ಇದನ್ನು ಬರೆದು ಮುಗಿಸಿದ್ದ ರಶ್ದಿ ಪುಸ್ತಕ ಹೊರಬರುವುದನ್ನು ಕಾಯುತ್ತಿದ್ದಾಗ, 2022ರ ಆಗಸ್ಟ್ 12ರಂದು ನ್ಯೂಯಾರ್ಕ್ ರಾಜ್ಯದ ಷಟಾಕ್ವಾದಲ್ಲಿ ವೇದಿಕೆಯ ಮೇಲೆಯೇ ಅವರಿಗೆ ಚಾಕುವಿನಿಂದ ಇರಿಯಲಾಯಿತು. ಬಲಗಣ್ಣು ಹೋಯಿತು. ಆರು ತಿಂಗಳಿಗೆ ‘ವಿಕ್ಟರಿ ಸಿಟಿ’ ಅಂಗಡಿಗಳಿಗೆ ಬಂತು. ಕುರುಡು ಕವಯಿತ್ರಿಯ ಪುಟಗಳನ್ನು ಓದುಗರು ಬೇರೆಯೇ ಬೆಳಕಿನಲ್ಲಿ ಓದಿದರು.

ಇರಿದವನಿಗೆ 2025ರ ಮೇ ತಿಂಗಳಲ್ಲಿ 25 ವರ್ಷಗಳ ಸೆರೆಮನೆ ಶಿಕ್ಷೆಯಾಯಿತು. ದಾಳಿಯ ಅನುಭವವನ್ನು ರಶ್ದಿ ‘ನೈಫ್’ (2024) ಕೃತಿಯಲ್ಲಿ ದಾಖಲಿಸಿದರು. 2025ರ ನವೆಂಬರ್‌ನಲ್ಲಿ ಐದು ಕಥೆಗಳ ‘ದಿ ಇಲೆವೆಂತ್ ಅವರ್’ ಪ್ರಕಟಿಸುವ ಮೂಲಕ ಮತ್ತೆ ಕಥೆಗೆ ಮರಳಿದರು.