ಮಡಿವಾಳ ಹಕ್ಕಿ, ಹೊಳೆ ಸೀಗಡಿ: ದರ್ಜೆ ಒಂದೇ, ಪಾಡು ಬೇರೆ

ಕಲಬುರಗಿ: ಹಾಡುಹಕ್ಕಿಗಳಲ್ಲಿ ಚಿರಪರಿಚಿತವಾದ ಮಡಿವಾಳ ಹಕ್ಕಿಗೂ ಕೃಷ್ಣಾ, ಗೋದಾವರಿ ನದಿಗಳ ಸಿಹಿನೀರಿನ ಸೀಗಡಿಗೂ ಪ್ರಾಣಿಸಾಮ್ರಾಜ್ಯಕ್ಕೆ ಸೇರಿದವು ಎಂಬುದರ ಹೊರತು ವರ್ಗೀಕರಣದಲ್ಲಿ ನಂಟಿಲ್ಲ. ಆದರೂ ಐಯುಸಿಎನ್ ಸಂಸ್ಥೆಯ ಕೆಂಪುಪಟ್ಟಿಯಲ್ಲಿ ಎರಡಕ್ಕೂ ದೊರೆತಿರುವುದು ಒಂದೇ ದರ್ಜೆ: 'ಕನಿಷ್ಠ ಕಾಳಜಿ'.

ಮಡಿವಾಳದ ವೈಜ್ಞಾನಿಕ ಹೆಸರು ಕಾಪ್ಸಿಕಸ್ ಸೌಲಾರಿಸ್. 1758ರಲ್ಲಿ ಲಿನೇಯಸ್ ಹೆಸರಿಸಿದ ಈ ಕಶೇರುಕ ಪ್ಯಾಸರಿಫಾರ್ಮಿಸ್ ಗಣಕ್ಕೆ ಸೇರಿದೆ. ಹಿಂದೆ ಥ್ರಷ್ ಹಕ್ಕಿಗಳ ಕುಟುಂಬದಲ್ಲಿದ್ದ ಇದನ್ನು ಈಗ ನೊಣಹಿಡುಕಗಳ ಕುಟುಂಬವಾದ ಮಸ್ಕಿಕ್ಯಾಪಿಡೇಗೆ ಸೇರಿಸಲಾಗಿದೆ. ಸೀಗಡಿಯಾದ ಮ್ಯಾಕ್ರೊಬ್ರಾಕಿಯಂ ಮಾಲ್ಕಮ್‌ಸೋನಿ ಸಂಧಿಪದಿ. ಹತ್ತು ಕಾಲಿನ ಡೆಕಾಪೊಡಾ ಗಣ, ಪ್ಯಾಲೆಮೊನಿಡೇ ಕುಟುಂಬ.

ಕೆಂಪುಪಟ್ಟಿಯ ದರ್ಜೆಯು ಪ್ರಭೇದದ ಇಡೀ ವ್ಯಾಪ್ತಿಗೆ ಅನ್ವಯಿಸುತ್ತದೆಯೇ ಹೊರತು ಒಂದು ತಾಲ್ಲೂಕಿಗಲ್ಲ. ಪಂಜರದ ವ್ಯಾಪಾರಕ್ಕೆ ಸಿಲುಕಿದ ಮಡಿವಾಳ ಸಿಂಗಪುರದಲ್ಲಿ 1980ರ ದಶಕದ ವೇಳೆಗೆ ಬಹುತೇಕ ಕಣ್ಮರೆಯಾಗಿತ್ತು. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅದಕ್ಕೆ ರಕ್ಷೆ. ಚಿಂಚೋಳಿಯಲ್ಲಿ 2011ರಲ್ಲಿ ಘೋಷಣೆಯಾದ ವನ್ಯಜೀವಿಧಾಮವೂ ಇದೆ. ಕಾಡೇ ಬೇಕೆಂಬ ಹಟವೂ ಈ ಹಕ್ಕಿಗಿಲ್ಲ. ಮನೆಯಂಗಳದ ಮರದ ಪೊಟರೆ ಸಾಕು.

ಸೀಗಡಿಗೆ ಅಂಗಳ ಸಾಲದು, ಇಡೀ ನದಿಯೇ ಬೇಕು. ಅದರ ಲಾರ್ವಾಗಳು ಬೆಳೆಯುವುದು ಅಳಿವೆಯ ಉಪ್ಪುಮಿಶ್ರಿತ ನೀರಿನಲ್ಲಿ; ಮರಿಗಳು ಪ್ರವಾಹಕ್ಕೆ ಎದುರಾಗಿ ಸಿಹಿನೀರಿಗೆ ಮರಳಬೇಕು. ಸೇಡಂ, ಚಿತ್ತಾಪುರ, ಶಹಾಬಾದ ಸೀಮೆಯ ಕಾಗಿಣಾ ಭೀಮೆಯನ್ನೂ, ಭೀಮೆ ಕೃಷ್ಣೆಯನ್ನೂ ಸೇರುತ್ತದೆ. ಅಲ್ಲಿಂದ ಕಡಲಿನವರೆಗೆ ಜುರಾಲಾ, ಶ್ರೀಶೈಲಂ, ನಾಗಾರ್ಜುನಸಾಗರ, ಪುಲಿಚಿಂತಲ ಜಲಾಶಯಗಳು, ಕೊನೆಗೆ ವಿಜಯವಾಡದಲ್ಲಿ 1957ರ ಪ್ರಕಾಶಂ ಬ್ಯಾರೇಜು. ಅಳಿವೆಯಿಂದ ಹೊರಟ ಬೆರಳುದ್ದದ ಮರಿಯೊಂದು ಇವಿಷ್ಟನ್ನೂ ಏರಿ ವಾಡಿಯ ಕಡೆಗೆ ಬರುವುದು ಅಸಾಧ್ಯವೆಂದೇ ಹೇಳಬೇಕು. ಆಂಧ್ರದ ಅಳಿವೆಯ ಬಳಿ ಸೀಗಡಿ ಸಮೃದ್ಧವಾಗಿದ್ದರೂ ಮೇಲ್ದಂಡೆಯ ನದಿಗಳು ಬರಿದಾಗಬಹುದು. 'ಕನಿಷ್ಠ ಕಾಳಜಿ' ಎಂಬ ದರ್ಜೆ ಮಾತ್ರ ಬದಲಾಗದು.

ವನ್ಯಜೀವಿ ಕಾಯ್ದೆಯ ಅನುಸೂಚಿಗಳಲ್ಲಿ ಈ ಸೀಗಡಿಯ ಹೆಸರಿಲ್ಲ. ಕಾನೂನಿನ ಕಣ್ಣಿಗೆ ಅದು ಮೀನುಗಾರಿಕೆಯ ಸರಕು. ಮಾರುಕಟ್ಟೆಯಲ್ಲಿ ಕಂಡಿತೆಂದು ಹೊಳೆಯಲ್ಲಿಯೂ ಇದೆ ಎಂದು ಭಾವಿಸುವಂತಿಲ್ಲ. ಸಿಹಿನೀರಿನ ಕೊಳಗಳಲ್ಲಿ ಹೆಚ್ಚಾಗಿ ಸಾಕುವುದು ಅದೇ ಕುಲದ ಇನ್ನೊಂದು ಪ್ರಭೇದವಾದ ಮ್ಯಾಕ್ರೊಬ್ರಾಕಿಯಂ ರೋಸೆನ್‌ಬರ್ಗಿ. ಅದರ ಮರಿಗಳು ಬರುವುದು ನದಿಯಿಂದಲ್ಲ, ಉಪ್ಪುಮಿಶ್ರಿತ ನೀರಿನ ತೊಟ್ಟಿಗಳಿರುವ ಹ್ಯಾಚರಿಗಳಿಂದ.